ಕಂದು ಬಟ್ಟೆಯ ಮೂರು ತುಂಡು

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಪುಸೆಲೆಟ್ಸೊ ಹಳೆ ಬಟ್ಟೆಯ ಮೂಟೆಯ ಕಟ್ಟು ಕತ್ತರಿಸಿದಳು. ಶನಿವಾರ ಹತ್ತು ಗಂಟೆಯೊಳಗೆ ಅದರಿಂದ ಮೂರು ಜತೆ ಉಡುಪು ತಯಾರಾಗಬೇಕಿತ್ತು.

ಕ್ಲಾರೆನ್ಸ್ ಊರಿನ ಚೌಕದಲ್ಲಿ ಎಲ್ಮಾರಿ ಎಂಬ ಬಿಳಿಯ ಹೆಂಗಸಿನ ಬಟ್ಟೆ ಅಂಗಡಿಯಿದೆ. ಅದರ ಕಿಟಕಿಯ ಗಾಜಿನ ಹಿಂದೆ ಉದ್ದನೆಯ ಕಬ್ಬಿಣದ ಸರಳೊಂದಿದೆ. ಏಪ್ರಿಲ್‌ನಲ್ಲಿ ಅಲ್ಲಿನ ಚಳಿಗಾಲಕ್ಕೆ ಮುಂಚೆ ಪಾಪ್ಲರ್ ಮರಗಳು ಹಳದಿಯಾಗುವುದನ್ನು ನೋಡಲು ಜೊಹಾನ್ಸ್‌ಬರ್ಗ್‌ನಿಂದ ಬರುವವರು ಕಾರಿನಿಂದಿಳಿದು ಮೊದಲು ನೋಡುವುದು ಆ ಸರಳಿಗೆ ತೂಗುಹಾಕಿದ ಬಟ್ಟೆಗಳನ್ನು. ಈ ಸಲ ಚಳಿಗಾಲ ಮುಗಿಯುವ ಆಗಸ್ಟ್ ಕೊನೆಯವರೆಗೆ ಇಡೀ ಸರಳನ್ನು ಒಬ್ಬರಿಗೇ ಬಿಟ್ಟುಕೊಡುವುದಾಗಿ ಎಲ್ಮಾರಿ ಹೇಳಿದ್ದಳು. ಬ್ಲೂಮ್‌ಫಾಂಟೇನ್‌ನ ಒಂದು ಹೊಲಿಗೆ ಕಾರ್ಖಾನೆ ಅದನ್ನು ಕೇಳಿತ್ತು. ಪುಸೆಲೆಟ್ಸೊ ಕೂಡ ಕೇಳಿದ್ದಳು. ಅವಳು ಒಂಬತ್ತು ವರ್ಷಗಳಿಂದ ಟ್ಯಾಕ್ಸಿ ನಿಲ್ದಾಣದ ಪಕ್ಕ ನೆಲದ ಮೇಲೆ ಟಾರ್ಪಾಲು ಹಾಸಿ ಮಾರುತ್ತಿದ್ದವಳು. ಗಾಳಿ ಎದ್ದರೆ ಬಟ್ಟೆಯೆಲ್ಲ ಧೂಳು, ಮಳೆ ಬಂದರೆ ವ್ಯಾಪಾರವೇ ಇಲ್ಲ.

"ಹ್ಯಾಂಗರಿಗೆ ಸಿಕ್ಕಿಸ್ಕೊಂಡು ಬಂದು ತೋರಿಸ್ಬೇಡ," ಎಂದು ಎಲ್ಮಾರಿ ಸೆಸೊಥೊ ಭಾಷೆಯಲ್ಲೇ ಹೇಳಿದ್ದಳು. ಹತ್ತಿರದ ಜಮೀನಿನಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಅವಳಿಗೆ ಆ ಭಾಷೆ ಬೈಗುಳದ ಸಮೇತ ಬರುತ್ತಿತ್ತು. "ನಡೆದಾಡೋ ಹೆಂಗಸಿನ ಮೈಮೇಲೆ ತೋರ್ಸು. ಪದರದ ಮೇಲೆ ಪದರ ಇರ್ಬೇಕು. ಮಣ್ಣು, ಕಲ್ಲು, ಉದುರಿದ ಎಲೆ, ಇಷ್ಟೇ ಬಣ್ಣ. ಕೆಂಪುಗಿಂಪು ತಂದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತೀನಿ."

"ಆ ಅಲೆಮಾರಿಗಳ ಥರದ್ದು ತಾನೇ, ಮ್ಮೆ?" ಎಂದಳು ಪುಸೆಲೆಟ್ಸೊ. ತಾಯಿ ವಯಸ್ಸಿನವರನ್ನೆಲ್ಲ ಅಲ್ಲಿ ಮ್ಮೆ ಎಂದೇ ಕರೆಯುತ್ತಾರೆ.

"ಅದೇ. ದುಡ್ಡಿದ್ದೋರು ಅಲೆಮಾರಿಗಳ ಹಾಗೆ ಕಾಣೋಕೆ ಬರ್ತಾರೆ. ನಾವು ಮಾರ್ತೀವಿ."

ಮೂಟೆ ಚೆನ್ನಾಗಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಪುಸೆಲೆಟ್ಸೊಳ ಹಾಸಿಗೆಯ ಮೇಲೆ ಎರಡು ಜತೆ ಸಿದ್ಧವಾಗಿದ್ದವು. ಮೊದಲನೆಯದಕ್ಕೆ ಒಣಹುಲ್ಲಿನ ಬಣ್ಣದ ಹತ್ತಿಯ ಉದ್ದಂಗಿ, ಅದರ ಮೇಲೆ ಕ್ರೋಶಾದಲ್ಲಿ ಹೆಣೆದ ತೋಳಿಲ್ಲದ ಅಂಗಿ, ಎಲ್ಲಕ್ಕೂ ಮೇಲೆ ಗಂಡಸರ ಹಳೆಯ ಸ್ವೆಟರ್, ಚರ್ಮದ ಗುಂಡಿಯದು. ಎರಡನೆಯದಕ್ಕೆ ಮೆತ್ತನೆಯ ಚರ್ಮದ ಲಂಗ, ಪಾಚಿ ಬಣ್ಣದ ರವಿಕೆ, ಕುಚ್ಚಿನ ಶಾಲು. ಅವಳ ಲೆಕ್ಕ ಸರಳವಾಗಿತ್ತು. ತೆಳ್ಳಗಿನದು ಒಳಗೆ, ದಪ್ಪದ್ದು ಹೊರಗೆ. ಪ್ರತಿ ಪದರವೂ ಮೇಲಿನದರ ಕೆಳಗೆ ಒಂದು ಗೇಣಾದರೂ ಇಣುಕಬೇಕು, ಇಲ್ಲದಿದ್ದರೆ ಅದನ್ನು ತೊಡಿಸಿಯೂ ಪ್ರಯೋಜನವಿಲ್ಲ.

ಮೂರನೆಯದಕ್ಕೆ ಹೊಂದುವ ಲಂಗ ಮೂಟೆಯಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಒಂದು ಜೋಡಿ ಉಣ್ಣೆಯ ಕಿಟಕಿ ಪರದೆ. ಕಾಫಿ ಬೀಜದ ಕಂದು ಬಣ್ಣ. ಹತ್ತಿರ ಹಿಡಿದರೆ ಅದರಲ್ಲಿ ತುಕ್ಕಿನ ಬಣ್ಣದ ತೆಳುಗೆರೆಗಳ ಚೌಕುಳಿ ಕಾಣುತ್ತಿತ್ತು. ಬಟ್ಟೆ ಭಾರವಾಗಿ, ಸುಕ್ಕಿಲ್ಲದೆ ಇಳಿಬೀಳುತ್ತಿತ್ತು. ಪುಸೆಲೆಟ್ಸೊ ಜೋಡಿಯಲ್ಲಿ ಒಂದನ್ನು ಕತ್ತರಿಸಿ ಪಾದ ಮುಟ್ಟುವ ಲಂಗ ಹೊಲಿದಳು. ಉಳಿದ ತುಂಡನ್ನು ಹಾಳುಮಾಡಲು ಮನಸ್ಸಾಗಲಿಲ್ಲ. ಹೆಗಲು ಮುಚ್ಚುವ ಗಿಡ್ಡ ಹೊದಿಕೆಯೊಂದನ್ನೂ ತಲೆಗೆ ಕಟ್ಟುವ ಬಟ್ಟೆಯನ್ನೂ ಅದರಲ್ಲೇ ಮಾಡಿದಳು. ಜೋಡಿಯ ಇನ್ನೊಂದು ಪರದೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು.

ಉಡುಪು ತೊಡಬೇಕಾದವಳು ಪಕ್ಕದ ಬೀದಿಯ ದಿಬುಸೆಂಗ್. ಎತ್ತರದ ಆಳು. ನಡೆದರೆ ಬಟ್ಟೆ ಅವಳ ಮಾತು ಕೇಳುತ್ತಿತ್ತು. ಗಂಡ ಲೆಬೊನೆ ರಸ್ಟೆನ್‌ಬರ್ಗ್‌ನ ಪ್ಲಾಟಿನಂ ಗಣಿಯಲ್ಲಿ ಕೆಲಸಕ್ಕಿದ್ದ. ಅವಳು ಇಲ್ಲಿ ಅತ್ತೆಯ ಜೊತೆಗಿದ್ದಳು. ಹಿರಿಮಗನ ಹೆಸರಿನಿಂದ ಆ ಅತ್ತೆಯನ್ನು ಎಲ್ಲರೂ ಮಾಲೆಬೊನೆ, ಎಂದರೆ ಲೆಬೊನೆಯ ತಾಯಿ, ಎಂದು ಕರೆಯುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ದಿಬುಸೆಂಗ್ ಮೂರನೆಯ ಉಡುಪು ತೊಟ್ಟು ನೋಡಿದಳು. ಪುಸೆಲೆಟ್ಸೊಳ ಮನೆಯ ಕನ್ನಡಿ ಒಂದು ತಟ್ಟೆಯಷ್ಟು ಅಗಲ. ಮುಖ ನೋಡಿದರೆ ಹೆಗಲು ಕಾಣದು, ಸೊಂಟ ನೋಡಿದರೆ ಕಾಲು ಕಾಣದು. ಹೊದಿಕೆಗೆ ಹಾಕಬೇಕೆಂದಿದ್ದ ಹಿತ್ತಾಳೆಯ ಬಿಲ್ಲೆ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಎದೆಯ ಮೇಲೆ ಒಂದು ಪಿನ್ನು ಚುಚ್ಚಿದರು.

"ಹೇಗಿದೀನಿ, ಅವುಸಿ?" ಎಂದಳು ದಿಬುಸೆಂಗ್. ಅಕ್ಕ ಎನ್ನುವುದಕ್ಕೆ ಅಲ್ಲಿನ ಮಾತು ಅದು.

"ತುಂಡುತುಂಡಾಗಿ ಚೆನ್ನಾಗಿದೀಯ. ಆದ್ರೆ ಆ ಬೂಟ್ಸಲ್ಲಿ ಕೋಳಿ ಕೆಸರು ತುಳಿದ ಹಾಗೆ ನಡೀತಿದೀಯ."

"ಹಿಮ್ಮಡಿ ಎತ್ತರ ಇದೆ ಕಣೆ."

"ಹಾಗಾದ್ರೆ ಚೌಕದವರೆಗೂ ಹೋಗಿ ಬಾ. ನಾಳೆ ಅಲ್ಲಿ ಜನರ ಮುಂದೆ ಬಿದ್ರೆ ಎಲ್ಮಾರಿ ನಮ್ಮಿಬ್ರನ್ನೂ ಗುಡಿಸಿ ಹಾಕ್ತಾಳೆ."

ಹನ್ನೊಂದು ಗಂಟೆಗೆ ದಿಬುಸೆಂಗ್ ಹೊರಟಳು. ಟ್ಯಾಕ್ಸಿ ನಿಲ್ದಾಣ ಯಾವತ್ತೂ ಗಲಾಟೆಯ ಜಾಗ. ಎತ್ತರದ ಹೆಂಗಸು ಹಾದುಹೋದರೆ ಚಾಲಕರು ಏನಾದರೂ ಅಂದೇ ಅನ್ನುತ್ತಾರೆ. ಅವತ್ತು ಯಾರೂ ಏನೂ ಅನ್ನಲಿಲ್ಲ. ಒಬ್ಬ ರೇಡಿಯೋ ಸದ್ದು ತಗ್ಗಿಸಿದ. ಇನ್ನೊಬ್ಬ ಉಣ್ಣೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಒಳ್ಳೆಯ ಬಟ್ಟೆ ತೊಟ್ಟರೆ ಜನ ಮರ್ಯಾದೆ ಕೊಡುತ್ತಾರೆ ಎಂದು ದಿಬುಸೆಂಗ್ ಅಂದುಕೊಂಡಳು. ಹಿಟ್ಟಿನ ಉಂಡೆ ಕರಿದು ಮಾರುವ ಹೆಂಗಸು ಎರಡು ಉಂಡೆಯನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟಳು.

"ಚಿಲ್ಲರೆ ತಂದಿಲ್ಲ, ಅಮ್ಮಾ," ಎಂದಳು ದಿಬುಸೆಂಗ್.

"ಚಿಲ್ಲರೆ ಯಾರು ಕೇಳಿದ್ರು? ತಿನ್ನು ಮಗಾ. ಹೊಟ್ಟೆಗೆ ಹಾಕ್ಕೊಳ್ದೆ ಇರ್ಬೇಡ. ದೇವರು ನೋಡ್ಕೋತಾನೆ."

ಅದೂ ಒಳ್ಳೆಯದೇ ಎಂದು ಅವಳು ತಿನ್ನುತ್ತ ನಡೆದಳು. ಚೌಕದಲ್ಲಿ ಕಾಫಿ ಅಂಗಡಿಯ ಹೊರಗೆ ಕೂತಿದ್ದ ಜೊಹಾನ್ಸ್‌ಬರ್ಗ್‌ನ ಹೆಂಗಸೊಬ್ಬಳು ಅವಳನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡಳು. ಎಲ್ಮಾರಿ ಗಾಜಿನ ಹಿಂದಿನಿಂದ ನೋಡಿ ಕೈಯೆತ್ತಿದಳು.

ವಾಪಸು ಬರುವಾಗ ನಿಲ್ದಾಣದ ಬಳಿ ಮುದುಕ ರಾಮೊಖೆಲೆ ಅಡ್ಡ ನಿಂತ. ಅವನು ಊರಿನ ಶವಸಂಸ್ಕಾರ ಸಂಘದ ಹಿರಿಯ. ಮುಖ ಬಿಗಿದಿತ್ತು.

"ಎಲ್ಲಿ ಹೂಳಿದ್ರಿ?" ಎಂದ.

"ಏನನ್ನ, ತಾತಾ?"

"ಏನನ್ನ ಅಂತೆ! ಲೆಬೊನೆ ತಂದೆ ಕಾಲದಿಂದ ನಿಮ್ಮನೆಯೋರು ಸಂಘದಲ್ಲಿದೀರಿ. ಡೇರೆ ನಮ್ದು, ಪಾತ್ರೆ ನಮ್ದು, ಹಾಡೋರು ನಮ್ಮೋರು. ಅಲ್ಲೇ ರಸ್ಟೆನ್‌ಬರ್ಗ್‌ನಲ್ಲಿ ಮಣ್ಣು ಮಾಡಿ ಬಂದು ಇಲ್ಲಿ ಬಟ್ಟೆ ತೊಟ್ಟು ಓಡಾಡ್ತೀಯಲ್ಲ, ನಾವೇನು ಸತ್ತು ಹೋಗಿದ್ವಾ?"

ದಿಬುಸೆಂಗ್ ತನ್ನ ಮೈ ನೋಡಿಕೊಂಡಳು. ಪಾದದವರೆಗೆ ಕಂದು ಲಂಗ. ಅದೇ ಬಟ್ಟೆಯ ಹೊದಿಕೆ, ಎದೆಯ ಮೇಲೆ ಪಿನ್ನು. ಅದೇ ಬಟ್ಟೆ ತಲೆಗೆ. ಹತ್ತು ಹೆಜ್ಜೆ ದೂರದಿಂದ ಚೌಕುಳಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಆ ಊರಲ್ಲಿ ಕೆಲವು ಚರ್ಚಿನ ವಿಧವೆಯರು ಕಪ್ಪು ತೊಡುತ್ತಾರೆ, ಕೆಲವರು ಕಡುನೀಲಿ. ಅವಳ ಅತ್ತೆಯ ಚರ್ಚಿನವರು ತೊಡುವುದು ಕಂದು. ಲಂಗ, ಹೊದಿಕೆ, ತಲೆಬಟ್ಟೆ ಮೂರೂ ಒಂದೇ ತಾನಿನದಾಗಿರಬೇಕು, ಹೊದಿಕೆಗೆ ಎದೆಯ ಮೇಲೆ ಪಿನ್ನು. ವರ್ಷ ತುಂಬುವವರೆಗೆ ಅದೇ ಉಡುಪು.

ಅವಳು ಬೂಟ್ಸು ಕೈಯಲ್ಲಿ ಹಿಡಿದುಕೊಂಡು ಮನೆಗೆ ಓಡಿದಳು. ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು. ಅಂಗಳದಲ್ಲಿ ಯಾರೋ ಆಗಲೇ ಸಾವಿನ ಮನೆಯ ಅಡುಗೆಗೆ ಮೂರು ಕಾಲಿನ ದೊಡ್ಡ ಕಬ್ಬಿಣದ ಮಡಕೆ ಇಳಿಸಿ ಬೆಂಕಿ ಹಾಕಿದ್ದರು. ಒಳಗೆ, ಸೂತಕದ ವಾಡಿಕೆಯಂತೆ ಗೋಡೆಗೊರಗಿಸಿದ ಹಾಸಿಗೆಯ ಪಕ್ಕ ನೆರೆಯ ಹೆಂಗಸರು ಹೆಗಲಿಗೆ ಕಂಬಳಿ ಹೊದ್ದು ಕೂತಿದ್ದರು. ಮಾಲೆಬೊನೆ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಮಗ ಪಾಳಿಯಲ್ಲಿದ್ದ. ನೆಲದಡಿಯಲ್ಲಿ ಫೋನು ಸಿಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು, ಆದರೂ ಮತ್ತೆ ಮತ್ತೆ ಮಾಡುತ್ತಿದ್ದಳು.

ಸೊಸೆ ಕಂದು ಬಟ್ಟೆಯಲ್ಲಿ ಬಾಗಿಲಿಗೆ ಬಂದು ನಿಂತಳು. ಹೆಂಗಸರಲ್ಲೊಬ್ಬಳು ಅಳಲು ಶುರು ಮಾಡಿದಳು.

"ಯಾರು ಹೇಳಿದ್ರು ನಿಂಗೆ?" ಎಂದಳು ಮಾಲೆಬೊನೆ. ಸ್ವರ ಏರಲಿಲ್ಲ. "ಹೆತ್ತೋಳಿಗಿಂತ ಮುಂಚೆ ನಿಂಗೆ ಯಾರು ಹೇಳಿದ್ರು?"

"ಯಾರೂ ಏನೂ ಹೇಳಿಲ್ಲ, ಮ್ಮೆ. ಇದು ಫ್ಯಾಷನ್ನು."

"ಏನದು?"

"ಫ್ಯಾಷನ್ನು. ಎಲ್ಮಾರಿ ಅಂಗಡೀಗೆ. ಪುಸೆಲೆಟ್ಸೊ ಹೊಲಿದಿದ್ದು."

ಅಳುತ್ತಿದ್ದವಳು ನಿಲ್ಲಿಸಿದಳು. ಮಾಲೆಬೊನೆ ನಂಬಲಿಲ್ಲ. ಗಣಿಯ ಕಚೇರಿಯವರು ಸೊಸೆಗೆ ಹೇಳಿದ್ದಾರೆ, ಸೊಸೆ ಮುಚ್ಚಿಡುತ್ತಿದ್ದಾಳೆ ಎಂದೇ ಅವಳ ಎಣಿಕೆ. ಪುಸೆಲೆಟ್ಸೊಳನ್ನು ಕರೆಸಿದರು. ಅವಳು ಬಾಗಿಲಲ್ಲೇ ನಿಂತು ಮೊದಲ ಬಾರಿಗೆ ಉಡುಪನ್ನು ತಲೆಯಿಂದ ಪಾದದವರೆಗೆ ಒಟ್ಟಿಗೆ ನೋಡಿದಳು. ಕೈ ಬಾಯಿಗೆ ಹೋಯಿತು.

"ದೇವ್ರೇ," ಎಂದಳು. "ನಾನು ಚೌಕುಳಿ ನೋಡ್ದೆ. ಬಟ್ಟೆ ನೋಡ್ದೆ. ಇದನ್ನ ನೋಡ್ಲಿಲ್ಲ."

"ಬಾಯಿ ಮುಚ್ಕೊಂಡು ಕೂತ್ಕೊ," ಎಂದಳು ಮಾಲೆಬೊನೆ. "ಅವನು ಫೋನ್ ಮಾಡ್ಲಿ. ಮಾಡ್ಲಿಲ್ಲ ಅಂದ್ರೆ ನೀನು ಇಲ್ಲಿಂದ ಏಳಲ್ಲ."

ಎಲ್ಲರೂ ಕೂತರು. ದಿಬುಸೆಂಗ್ ಬಟ್ಟೆ ಬದಲಿಸುತ್ತೇನೆಂದಾಗ ಅತ್ತೆ ಬೇಡವೆಂದಳು. ಮಗ ಬದುಕಿದ್ದಾನೆಂದು ಗೊತ್ತಾಗುವ ಮೊದಲು ಅದನ್ನು ಕಳಚುವುದೂ ಅಪಶಕುನವೇ ಇರಬಹುದು, ಯಾರಿಗೂ ಸರಿಯಾಗಿ ತಿಳಿಯದು. ಅಂಗಳದ ಮಡಕೆಯಲ್ಲಿ ಕುಟ್ಟಿದ ಮೆಕ್ಕೆಜೋಳವೂ ಬೀನ್ಸ್ ಕಾಳೂ ಬೇಯುತ್ತಿದ್ದವು. ರಾಮೊಖೆಲೆ ಬಂದು ಗೇಟಿನ ಹೊರಗೆ ಟೋಪಿ ಹಿಡಿದು ನಿಂತ. ಡೇರೆ ತರಿಸಬೇಕೋ ಬೇಡವೋ ಎಂದು ಅವನಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ಫೋನು ಬಡಿದುಕೊಂಡಿತು. ಮಾಲೆಬೊನೆ ಅದನ್ನು ನೋಡುತ್ತ ಕೂತಳೇ ಹೊರತು ಎತ್ತಲಿಲ್ಲ. ದಿಬುಸೆಂಗ್ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದಳು.

"ಅಮ್ಮಾ, ಇಷ್ಟೊಂದು ಸಲ ಯಾಕೆ ಮಾಡಿದೀಯ?" ಎಂದಿತು ಲೆಬೊನೆಯ ಸ್ವರ. "ಈಗ ತಾನೇ ಮೇಲೆ ಬಂದೆ. ಯಾರು ಸತ್ರು?"

"ನೀನೇ ಕಣೋ," ಎಂದಳು ಮಾಲೆಬೊನೆ. ಆಮೇಲೆ ಫೋನನ್ನು ನೆಲದ ಮೇಲಿಟ್ಟು ಜೋರಾಗಿ ಅತ್ತಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ಎದ್ದಳು. ಬೇಲಿಯ ಮೂಲೆಯಿಂದ ಲೋಳೆಸರದ ಎಲೆ ಕುಯ್ದು ತುಂಡು ಮಾಡಿ, ಬೋಗುಣಿಯ ನೀರಿಗೆ ಹಾಕಿ ಗೇಟಿನ ಬಳಿ ಇಟ್ಟಳು. ಮಣ್ಣು ಮಾಡಿ ಬಂದವರು ಕೈ ತೊಳೆಯುವ ನೀರು ಅದು. ಸೊಸೆ ತೊಳೆದಳು, ಪುಸೆಲೆಟ್ಸೊ ತೊಳೆದಳು. ರಾಮೊಖೆಲೆ ತಾನೂ ತೊಳೆದ.

"ನಿಮ್ದೇನು ತಪ್ಪು?" ಎಂದು ಯಾರೋ ಕೇಳಿದರು.

"ನಾನು ಮನಸಲ್ಲೇ ಡೇರೆ ಹಾಕಿಬಿಟ್ಟಿದ್ದೆ," ಎಂದ.

ಮಾಲೆಬೊನೆ ತಾನೇ ಪಿನ್ನು ಬಿಚ್ಚಿ ಹೊದಿಕೆಯನ್ನೂ ತಲೆಬಟ್ಟೆಯನ್ನೂ ಒಲೆಗೆ ಹಾಕಿದಳು. ಉಣ್ಣೆ ಸುಟ್ಟ ವಾಸನೆ ಮನೆ ತುಂಬಿತು. ಲಂಗವನ್ನು ಮಾತ್ರ ಪುಸೆಲೆಟ್ಸೊಳ ಮಡಿಲಿಗೆ ಎಸೆದಳು.

"ಅದನ್ನ ಇಟ್ಕೊ. ಒಂಟಿ ಲಂಗ ಯಾರನ್ನೂ ಕೊಲ್ಲಲ್ಲ. ನಾಳೆ ಇವಳನ್ನ ಕಳಿಸ್ಬೇಕಾ ನಿಂಗೆ?"

"ಕಳಿಸಿದ್ರೆ ಬದುಕಿಕೊಳ್ತೀನಿ, ಮ್ಮೆ. ಇವಳಷ್ಟು ಎತ್ತರದೋರು ಒಂದು ರಾತ್ರೀಲಿ ಎಲ್ಲಿಂದ ತರ್ಲಿ? ಎಲ್ಲಾ ಇವಳ ಅಳತೆಗೇ ಹೊಲಿದಿದೀನಿ."

"ಹೊಟ್ಟೆಪಾಡು ನಂಗೂ ಗೊತ್ತು. ಚೌಕದ ಅತಿಥಿಗೃಹದಲ್ಲಿ ಹಾಸಿಗೆ ಬದಲಾಯಿಸೋಳು ನಾನು. ಕಳಿಸ್ತೀನಿ. ಆದ್ರೆ ಆ ಮೂರೂ ಒಂದೇ ಬಟ್ಟೇಲಿ ಈ ಊರಲ್ಲಿ ಯಾರ ಮೈಮೇಲೂ ನಂಗೆ ಕಾಣ್ಬಾರ್ದು. ಬಿಳಿಯೋರ ಮೈಮೇಲೂ ಕೂಡ."

"ಕಾಣಲ್ಲ."

"ಬರೀ ಬಾಯಲ್ಲಿ ಹೇಳ್ಬೇಡ. ಮಾತು ಕೊಡು."

"ಮಾತು ಕೊಟ್ಟೆ."

ಬೆಂದದ್ದನ್ನು ಬಿಸಾಡಲಾಗದು ಎಂದು ಎಲ್ಲರೂ ತಟ್ಟೆ ಹಿಡಿದು ಊಟ ಮಾಡಿ ಮನೆಗೆ ಹೋದರು.

ಸಂಜೆ ಪುಸೆಲೆಟ್ಸೊ ಮೂರನೆಯ ಜತೆಯನ್ನು ಮೊದಲಿನಿಂದ ಕಟ್ಟಿದಳು. ಲಂಗವನ್ನು ಒಂದು ಪಕ್ಕ ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಕೆಳಗೆ ಕೆನೆಬಣ್ಣದ ಕಸೂತಿಯ ಒಳಲಂಗ ಇಣುಕುವ ಹಾಗೆ ಮಾಡಿದಳು. ಮೇಲೆ ಸಾಸಿವೆ ಬಣ್ಣದ ಹೆಣಿಗೆಯ ಅಂಗಿ, ಅದರ ಮೇಲೆ ಬೂದಿ ಬಣ್ಣದ ಕಾರ್ಡುರಾಯ್ ಕೋಟು. ತಲೆಗೆ ಇಟ್ಟಿಗೆ ಬಣ್ಣದ ರೇಷ್ಮೆ ತುಂಡು, ಹಿಂದಕ್ಕೆ ಗಂಟು. ಯಾವ ಎರಡು ಪದರವೂ ಒಂದೇ ಬಟ್ಟೆಯದಲ್ಲ. ಇನ್ನು ಕನ್ನಡಿಯನ್ನು ನಂಬುವುದು ಬೇಡವೆಂದು ದಿಬುಸೆಂಗ್‌ಳನ್ನು ರಸ್ತೆಯ ಆ ತುದಿಗೆ ನಿಲ್ಲಿಸಿ, ಈ ತುದಿಯಿಂದ ನೋಡಿದಳು. ಹಾದುಹೋದ ಟ್ಯಾಕ್ಸಿಯವನೊಬ್ಬ ಶಿಳ್ಳೆ ಹೊಡೆದ.

"ಇವತ್ತು ಯಾರೂ ಸತ್ತಿಲ್ಲ," ಎಂದಳು ದಿಬುಸೆಂಗ್.

ಶನಿವಾರ ಹತ್ತು ಗಂಟೆಗೆ ಎಲ್ಮಾರಿಯ ಅಂಗಡಿಯಲ್ಲಿ ದಿಬುಸೆಂಗ್ ಒಂದಾದ ಮೇಲೊಂದು ಉಡುಪು ತೊಟ್ಟು ಬಾಗಿಲಿನಿಂದ ಚೌಕದ ಮರದವರೆಗೆ ನಡೆದು ಬಂದಳು. ಎಡವಲಿಲ್ಲ. ಎಲ್ಮಾರಿ ಕನ್ನಡಕ ಹಣೆಗೇರಿಸಿ ನೋಡಿದಳು. ಮೊದಲನೆಯದಕ್ಕೆ ತಲೆಯಾಡಿಸಿದಳು. ಎರಡನೆಯದರ ಕುಚ್ಚನ್ನು ಎಳೆದು ನೋಡಿ, ಇದೂ ಇರಲಿ ಎಂದಳು. ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿದಳು.

"ಚೆನ್ನಾಗಿದೆ. ಆದ್ರೆ ನಿನ್ನೆದು ಎಲ್ಲಿ?"

"ನಿನ್ನೆದು ಒಲೆ ಸೇರ್ತು, ಮ್ಮೆ."

"ಒಲೆಗಾ? ಹುಚ್ಚು ಹಿಡೀತಾ? ಕಾಫಿ ಅಂಗಡೀಲಿ ಫೋಟೊ ತೆಗೆದಳಲ್ಲ, ಆಯಮ್ಮ ಬೆಳಿಗ್ಗೆ ಎಂಟಕ್ಕೇ ಬಂದು ಬಾಗಿಲು ತಟ್ಟಿದ್ಲು. ಅದೇ ಬೇಕಂತೆ. ಮೂರೂ ತುಂಡು, ಇದ್ದ ಹಾಗೇ. ಅವಳ ಗೆಳತೀರಿಗೂ ಬೇಕಾಗುತ್ತಂತೆ. ಬಟ್ಟೆ ಉಳಿದಿದ್ಯಾ?"

ಪುಸೆಲೆಟ್ಸೊ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇನ್ನೊಂದು ಪರದೆ ಇದೆ."

"ಮತ್ತಿನ್ನೇನು? ಈಗ ಹೋಗಿ ಹೊಲಿ. ನಾಳೆ ಮಧ್ಯಾಹ್ನ ಹೊರಡೋ ಮುಂಚೆ ಅವಳ ಕೈಗೆ ಕೊಟ್ಟುಬಿಡು. ಸರಳು ಆಗಸ್ಟ್ ಕೊನೇವರೆಗೆ ಪೂರ್ತಿ ನಿಂದೇ. ಬ್ಲೂಮ್‌ಫಾಂಟೇನಿನವರಿಗೆ ನಾನು ಹೇಳ್ಕೋತೀನಿ."

ದಿಬುಸೆಂಗ್ ಗಾಜಿನಾಚೆ ನೋಡುತ್ತ ನಿಂತಳು. ಪುಸೆಲೆಟ್ಸೊ ಅವಳ ಕೋಟಿನ ಕಾಲರು ಸರಿಮಾಡಿ ಎಲ್ಮಾರಿಯ ಕಡೆ ತಿರುಗಿದಳು.

"ಮ್ಮೆ ಎಲ್ಮಾರಿ, ಅದು ಏನು ಬಟ್ಟೆ ಅಂತ ನಿಮಗೆ ಗೊತ್ತಿತ್ತಾ?"

"ನಾನು ಈ ಮಣ್ಣಲ್ಲೇ ಹುಟ್ಟಿದೋಳು. ನೋಡಿದ ತಕ್ಷಣ ಗೊತ್ತಾಯ್ತು."

"ಮತ್ತೆ ಕೈಯೆತ್ತಿದ್ರಿ?"

"ಪಾಪ, ಗಂಡ ಹೋದ್ನಲ್ಲ ಅಂತ ಕೈಯೆತ್ತಿದೆ. ಆಮೇಲೆ ಜನ ಹೇಳಿದ್ಮೇಲೆ ಅದು ನಿನ್ನ ಮೂರನೇ ಉಡುಪು ಅಂತ ತಿಳೀತು. ನೋಡು, ತೊಡೋಳು ಜೊಹಾನ್ಸ್‌ಬರ್ಗ್‌ನೋಳು. ಅವಳ ಗಂಡ ಪಕ್ಕದಲ್ಲೇ ಕೂತು ಬಿಯರ್ ಕುಡೀತಿದ್ದ. ಗುಂಡುಕಲ್ಲಿನ ಹಾಗಿದಾನೆ. ಅವನಿಗೇನೂ ಆಗಲ್ಲ."

"ಇಲ್ಲಿ ತೂಗುಹಾಕಿದ್ರೆ ಇವಳ ಅತ್ತೆ ದಿನಾ ಬೆಳಿಗ್ಗೆ ಇದರ ಮುಂದೇನೇ ಕೆಲಸಕ್ಕೆ ಹೋಗ್ಬೇಕು."

"ಕಿಟಕೀಲಿ ಹಾಕಲ್ಲ. ಪೊಟ್ಟಣ ಕಟ್ಟಿ ಕೊಟ್ಟುಬಿಡ್ತೀನಿ. ಯಾರೂ ನೋಡಲ್ಲ."

"ಆಯಮ್ಮ ಮತ್ತೆ ಈ ಊರಿಗೆ ಬರಲ್ವಾ?"

ಎಲ್ಮಾರಿ ಕನ್ನಡಕ ಇಳಿಸಿಕೊಂಡಳು. ಅವಳು ಸುಳ್ಳು ಹೇಳುವವಳಲ್ಲ. "ಬರ್ತಾಳೆ. ಹಳ್ಳದ ಆಚೆ ಮನೆ ತಗೊಂಡಿದಾಳೆ. ತಿಂಗಳಿಗೆರಡು ಸಲ ಬರ್ತಾಳೆ."

"ಹಾಗಾದ್ರೆ ಆಗಲ್ಲ."

"ಒಂದು ಪರದೆಗೋಸ್ಕರ ಇಡೀ ಚಳಿಗಾಲ ಬಿಡ್ತೀಯಾ?"

"ಮಾತು ಕೊಟ್ಟಿದೀನಿ, ಮ್ಮೆ. ಆ ಮನೆ ಮುಂದೆ ಆಗ್ಲೇ ಮಡಕೆ ಇಳಿಸಿದ್ರು. ನಾನು ನೋಡಿದೀನಿ. ಲಂಗ ಬೇಕಾದ್ರೆ ಕೊಡ್ತೀನಿ, ಈ ಕೋಟಿನ ಜತೆ. ಹೊದಿಕೆ, ತಲೆಬಟ್ಟೆ ಆ ಬಟ್ಟೇಲಿ ಹೊಲಿಯಲ್ಲ."

"ಅವಳಿಗೆ ಮೂರೂ ಬೇಕು, ಇಲ್ಲ ಅಂದ್ರೆ ಏನೂ ಬೇಡ."

"ಏನೂ ಬೇಡ ಅಂತಾನೇ ಹೇಳಿ."

ಎಲ್ಮಾರಿ ಮೂರನೆಯ ಉಡುಪನ್ನು ಇನ್ನೊಂದು ಸಲ ಸುತ್ತಿ ಬಂದಳು. ಎತ್ತಿ ಸಿಕ್ಕಿಸಿದ ಲಂಗದ ಅಂಚನ್ನು ಬೆರಳಲ್ಲಿ ತಿರುಗಿಸಿ ಹೊಲಿಗೆ ನೋಡಿದಳು. ಬ್ಲೂಮ್‌ಫಾಂಟೇನಿನವರು ವಾರವಾರವೂ ಒಂದೇ ಥರದ ಬಟ್ಟೆಯನ್ನು ಬೇಕಾದಷ್ಟು ಕಳಿಸಬಲ್ಲರು, ಕೊಳ್ಳುವವರು ಕೇಳಿದ್ದನ್ನು ಇಲ್ಲವೆನ್ನುವುದಿಲ್ಲ ಎಂದಳು. ಅದು ನಿಜ ಎಂದು ಪುಸೆಲೆಟ್ಸೊ ಒಪ್ಪಿಕೊಂಡಳು.

"ಪೂರ್ತಿ ಸರಳು ಕೊಡಲ್ಲ," ಎಂದಳು ಎಲ್ಮಾರಿ ಕೊನೆಗೆ. "ಅರ್ಧ. ಮೇ ಕೊನೇವರೆಗೆ. ಆಮೇಲೆ ವ್ಯಾಪಾರ ನೋಡಿ ಮಾತಾಡೋಣ."

"ಯಾವ ಅರ್ಧ?"

"ಕೊಟ್ಟ ಅರ್ಧ ತಗೊಳ್ಳೋ ಬದ್ಲು ಯಾವ ಅರ್ಧ ಅಂತ ಬೇರೆ ಕೇಳ್ತೀಯಾ!"

"ಬಾಗಿಲ ಕಡೆದು ಕೊಡಿ. ಗೋಡೆ ಕಡೆ ಬೆಳಕು ಬೀಳಲ್ಲ."

ಎಲ್ಮಾರಿ ಸೆಸೊಥೊದಲ್ಲಿ ಒಂದು ಹಳೆಯ ಬೈಗುಳ ಬೈದು ಬಾಗಿಲ ಕಡೆಯ ಅರ್ಧ ಕೊಟ್ಟಳು.

ಜೊಹಾನ್ಸ್‌ಬರ್ಗ್‌ನ ಹೆಂಗಸು ಏನನ್ನೂ ಕೊಳ್ಳದೆ ಭಾನುವಾರ ಹೊರಟುಹೋದಳು. ಮಂಗಳವಾರ ಬ್ಲೂಮ್‌ಫಾಂಟೇನ್‌ನಿಂದ ಬಟ್ಟೆಯ ಪೆಟ್ಟಿಗೆಗಳು ಬಂದವು. ಅವನ್ನು ಗೋಡೆಯ ಕಡೆಯ ಅರ್ಧಕ್ಕೆ ತೂಗುಹಾಕಿದರು.